ಉಳಿದ ಮೂಲೆ

ಹಂಚು ಹೊದಿಸುವುದು ಕೆಳಗಿನಿಂದ ಮೇಲಕ್ಕೆ,
ಇಳಿಸುವುದು ಮೇಲಿನಿಂದ ಕೆಳಕ್ಕೆ.
ಇಷ್ಟೇ ನಾನು ಕಲಿತ ವಿದ್ಯೆ.
ಟಾನ್ ಮನೆಯ ಸೂರಿನ ಮೇಲೆ ಎರಡನ್ನೂ ಮಾಡಿದ್ದೇನೆ.
ಅವರ ಮದುವೆಯ ವರ್ಷ ಹೊದಿಸಿದೆ,
ಮೂರನೆಯ ಮಗಳು ಹುಟ್ಟಿದ ವರ್ಷ ಇಳಿಸಿದೆ.
ಎರಡಕ್ಕೂ ಕೂಲಿ ಸಿಕ್ಕಿತು.
ಇಳಿಸಿದ್ದಕ್ಕೆ ತುಸು ಹೆಚ್ಚು.

ದಂಡ ಎರಡು ಸಾವಿರದ ನಾನೂರು ಯುವಾನ್.
ಮನೆಯಲ್ಲಿದ್ದದ್ದು ಒಂದು ಹಂದಿ, ಹೊಲಿಗೆ ಯಂತ್ರ,
ತವರಿನಿಂದ ಬಂದ ಕರ್ಪೂರದ ಮರದ ಪೆಟ್ಟಿಗೆ.
ಎಲ್ಲ ಟ್ರ್ಯಾಕ್ಟರ್ ಹತ್ತಿದ ಮೇಲೂ ಲೆಕ್ಕ ತುಂಬಲಿಲ್ಲ.
ಕಚೇರಿಯ ಪೆಂಗ್ ತಲೆಯೆತ್ತಿ ನೋಡಿದ.
ಎತ್ತಿದ ತಲೆಗೆ ಕಾಣುವುದು ಇನ್ನೇನು?

"ಒಡೆಯಬೇಡ, ಹರಾಜಿಗೆ ಬೇಕು" ಅಂದ.
ಅದಕ್ಕೇ ನನ್ನನ್ನು ಕರೆಸಿದ್ದು.
ಒಡೆಯಲು ಯಾರಾದರೂ ಸಾಕು,
ಒಡೆಯದೆ ಬಿಚ್ಚಲು ಕಸುಬುದಾರ ಬೇಕು.

ಹನ್ನೆರಡನೆಯ ತಿಂಗಳು. ನದಿಯ ಕಡೆಯಿಂದ ಗಾಳಿ.
ಮೊದಲ ಸಾಲು ತೆಗೆದಾಗ
ಒಳಗೆ ಬೆಳಕು ಬಿತ್ತು, ಕೋಲಿನ ಹಾಗೆ.
ಗುಯಿಝಿ, ಹನ್ನೊಂದು ದಿನದ ಬಾಣಂತಿ,
ಕೂಸನ್ನು ಆಚೆ ಬದಿಗೆ ತಿರುಗಿಸಿಕೊಂಡಳು.
ಬೈಯಲಿಲ್ಲ. ಬೈದಿದ್ದರೆ ಕೆಲಸ ಸುಲಭವಾಗುತ್ತಿತ್ತು.
ನಾನೊಂದು ಸಾಲು ತೆಗೆದರೆ
ಅವಳ ಗಂಡ ಮಂಚವನ್ನು ಒಂದು ಮೊಳ ಎಳೆಯುತ್ತಿದ್ದ.
ಮತ್ತೊಂದು ಸಾಲು, ಮತ್ತೊಂದು ಮೊಳ.
ಚದುರಂಗದಂತೆ ಆಡಿದೆವು ನಾವಿಬ್ಬರು, ಮಾತಿಲ್ಲದೆ.
ದೊಡ್ಡ ಹುಡುಗಿಯರಿಬ್ಬರು ಬೂದಿ ತುಂಬಿದ ಒಲೆಯ ಬಳಿ ನಿಂತು
ಯಾರು ಗೆಲ್ಲುತ್ತಾರೆಂದು ನೋಡುತ್ತಿದ್ದರು.
ಕೊನೆಗೆ ಉಳಿದದ್ದು ವಾಯವ್ಯದ ಮೂಲೆ:
ಏಳು ಸಾಲು, ಸಾಲಿಗೆ ಹದಿನಾಲ್ಕು ಹಂಚು,
ಅದರ ಕೆಳಗೆ ಮಂಚ.

ಊರು ಹೇಳುವುದು ಹೀಗೆ:
ಮೇಸ್ತ್ರಿ ಕ್ವಾಂಗ್ ಕೂಸಿನ ಮುಖ ನೋಡಿ ಕರಗಿದ,
ಪೆಂಗನ ಮಾತು ಮೀರಿ ಏಣಿ ಇಳಿದ.
ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.
ಮೂವತ್ತು ವರ್ಷ ಆ ಕಥೆಯ ಅಡಿಯಲ್ಲಿ
ನನೆಯದೆ ಇದ್ದೇನೆ.

ನಿಜ ಇಷ್ಟು: ಬೆರಳು ಮರಗಟ್ಟಿತ್ತು, ಹಸಿವಾಗಿತ್ತು,
ಕತ್ತಲಾಗಿತ್ತು. ಬೆಳಿಗ್ಗೆ ಮತ್ತೆ ಬರುವವನಿದ್ದೆ.
ರಾತ್ರಿ ಹಿಮ ಬಿತ್ತು,
ಪೆಂಗನಿಗೆ ಬೇರೆ ಊರಿನ ಪಟ್ಟಿ ಬಂತು.
ಆ ಚಳಿಗಾಲ ನಾನು ಬಿಚ್ಚಿದ್ದು ಒಂಬತ್ತು ಸೂರು.
ಉಳಿದ ಎಂಟರಲ್ಲಿ
ಹೊತ್ತಿಗೆ ಸರಿಯಾಗಿ ಕತ್ತಲಾಗಲಿಲ್ಲ.

ಇಳಿದ ಹಂಚು ಹಂಚಿಹೋಯಿತು ಊರ ತುಂಬ,
ಕಾಸಿಗೊಂದು, ಕಾಸಿಗೆರಡು.
ನನ್ನ ಹಂದಿಗೂಡಿಗೂ ನಲವತ್ತು ಬಂದವು.
ನನಗಿರುವುದು ಒಬ್ಬನೇ ಮಗ, ಕಾನೂನಿನಂತೆ.
ಈಗ ಅವನಿಗೆ ನಲವತ್ತಮೂರು. ಹೆಣ್ಣು ಸಿಗಲಿಲ್ಲ.

ಶಾಲೆಯ ಗೋಡೆಗೆ ಹೋದ ವರ್ಷ ಹೊಸ ಬಣ್ಣ ಬಳಿದರು:
ಮೂರಿದ್ದರೆ ಮನೆ ತುಂಬ.
ಮಳೆ ಹೊಡೆದಾಗ ಅದರಡಿಯಿಂದ
ಸುಣ್ಣದ ಹಳೆಯ ಅಕ್ಷರ ತೇಲುತ್ತದೆ: ಒಂದೇ ಸಾಕು.
ಒದ್ದೆ ಗೋಡೆಯ ಮುಂದೆ ನಿಂತವರಿಗೆ
ಎಷ್ಟೆಂದು ತಿಳಿಯುವುದಿಲ್ಲ.
ಕಚೇರಿಯ ಹುಡುಗಿಯೊಬ್ಬಳು ಹಾಲಿನ ಪುಡಿಯ ಡಬ್ಬಿ ಹಿಡಿದು
ಮನೆಮನೆಗೆ ಹೋಗುತ್ತಾಳೆ, ನಗುತ್ತಾಳೆ,
ಪೆಂಗನಂತೆಯೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.

ನಿನ್ನೆ ಲಾಮೇ ಫೋನು ಮಾಡಿದಳು. ಅದೇ ಮೂರನೆಯವಳು.
ಮನೆಗೆಲ್ಲ ತಗಡು ಹಾಕಿಸಿದ್ದಾಳೆ,
ಆ ಮೂಲೆಯನ್ನು ಮಾತ್ರ ಸಾಯುವ ತನಕ
ಅವಳಮ್ಮ ಮುಟ್ಟಗೊಡಲಿಲ್ಲವಂತೆ. ಈಗ ಸೋರುತ್ತಿದೆ.
"ಅಂಥ ಹಂಚು ಎಲ್ಲೂ ಸಿಗುವುದಿಲ್ಲ ತಾತ,
ನಿಮಗೆ ಗೊತ್ತಿರಬಹುದು."
ಗೊತ್ತಿತ್ತು.
ಹಂದಿಗೂಡಿನಿಂದ ಹನ್ನೆರಡು ಬಿಚ್ಚಿ, ತೊಳೆದು,
ಬುಟ್ಟಿಯಲ್ಲಿ ಹೊತ್ತು ಹೋದೆ.
ವಾಸನೆ ಪೂರ್ತಿ ಹೋಗಿರಲಿಲ್ಲ.

ಎಪ್ಪತ್ತೆರಡರ ಮಂಡಿ ಏಣಿ ಹತ್ತಲು ಹೊತ್ತು ತೆಗೆದುಕೊಂಡಿತು.
ಅವಳು ಕೆಳಗೆ ಹಿಡಿದು ನಿಂತಳು.
ಹಂಚು ತನ್ನ ತಾವು ಮರೆತಿರಲಿಲ್ಲ,
ಸರಕ್ಕನೆ ಕೂತಿತು.
"ಎಲ್ಲ ಇಳಿಸಿ ಇದೊಂದನ್ನು ಯಾಕೆ ಬಿಟ್ಟಿರಿ?"
ಕೇಳುವ ದನಿ ತಾಯಿಯದೇ;
ತಾಯಿ ಕೇಳದೆ ಹೋದದ್ದು.

"ಕತ್ತಲಾಯಿತು" ಅಂದೆ.

"ಅಯ್ಯೋ, ಹೌದಲ್ಲ" ಎಂದವಳೇ
ಮೊಬೈಲಿನ ದೀಪ ಹೊತ್ತಿಸಿ
ಮೇಲಕ್ಕೆ, ನನ್ನ ಕೈಗಳ ಮೇಲೆ ಹಿಡಿದಳು.